ಹೆಳವ ನೀರು ಕೇಳುವ ಕಡೆ

ಈಗ ಎತ್ತಿಲ್ಲ, ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಾನೆ
ಹೆಳವರ ಯಮನಪ್ಪ. ಗಂಟೆ ಮಾತ್ರ ಅದೇ,
ಹ್ಯಾಂಡಲ್ಲಿಗೆ ಕಟ್ಟಿದ್ದನ್ನು ಬಿಚ್ಚಿ ಒಳಗೆ ತರುತ್ತಾನೆ.
ಇಳಕಲ್ಲಿನ ನಮ್ಮ ಓಣಿಯ ಮಗ್ಗಗಳು
ಅವನಿಗಾಗಿ ಅರ್ಧ ತಾಸು ಸುಮ್ಮನಾಗುತ್ತವೆ.

ಕಂಬಳಿ ಹಾಸಿ, ಮೊರದ ತುಂಬ ಜೋಳ ಇಟ್ಟರೆ ಶುರು:
ಗುಡೂರಿಂದ ಬಂದ ಸಂಕಪ್ಪ, ಸಂಕಪ್ಪನ ಮಗ ಬಾಳಪ್ಪ,
ಬಾಳಪ್ಪನ ಹಿರಿಮಗಳು ಚಂಬವ್ವ —
ಇಲ್ಲಿ ನೀರು ಕೇಳುತ್ತಾನೆ.
ಪ್ರತಿ ಸಲ ಇಲ್ಲೇ ನೀರಡಿಕೆ.
ಗಟಗಟ ಕುಡಿದು, ಗಂಟೆ ಒಮ್ಮೆ ಅಲ್ಲಾಡಿಸಿ
ಆಚೆ ದಂಡೆಯಲ್ಲಿ ಏಳುತ್ತಾನೆ:
ರಾಚಪ್ಪ, ರಾಚಪ್ಪನ ಮಕ್ಕಳು ಐದು ಮಂದಿ...

ಐವತ್ತು ವರ್ಷ ಕೇಳಿದ್ದೇನೆ.
ನಡುವೆ ಒಂದು ಮೆಟ್ಟಿಲಿಲ್ಲ ಅಂತ ಕಾಲಿಗೆ ಗೊತ್ತಾಗಿರಲಿಲ್ಲ,
ನಾಡಕಚೇರಿಯಲ್ಲಿ ವಂಶವೃಕ್ಷದ ಅರ್ಜಿ ತುಂಬುವ ಹುಡುಗಿ
"ರಾಚಪ್ಪ, ತಂದೆ?" ಎಂದು ತಲೆಯೆತ್ತುವ ತನಕ.
ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲವಂತೆ.

ಗಂಡುಮಕ್ಕಳ ಶಾಲೆಯ ಹಳೆ ರಜಿಸ್ಟರಿನಲ್ಲಿ
ಗೆದ್ದಲು ಕೂಡ ಆ ಕಾಲಮ್ಮನ್ನು ಮುಟ್ಟಿರಲಿಲ್ಲ.
ಮಾಸ್ತರರು 'ತಂದೆ' ಹೊಡೆದುಹಾಕಿ, 'ತಾಯಿ' ಎಂದು ತಿದ್ದಿ,
ಪಕ್ಕದಲ್ಲಿ ಸಣ್ಣದಾಗಿ ಸಹಿ ಮಾಡಿದ್ದರು,
ತಪ್ಪು ತಮ್ಮದಲ್ಲ ಎಂಬಂತೆ.

ಬೆಕ್ಕಿನ ಕಣ್ಣು ಅಜ್ಜನದು, ಎಡಗೈ ರೂಢಿ.
ನೂಲು ತರುತ್ತಿದ್ದ ಶೇಠನೇ? ರಸ್ತೆ ಅಳೆಯಲು ಬಂದು
ಧರ್ಮಶಾಲೆಯಲ್ಲಿ ಮಳೆಗಾಲ ಕಳೆದ ಓವರಸೀರನೇ?
ಎಂಜಲು ಕಳಿಸಿದರೆ ಈಗ ಕುಲ ಹೇಳುತ್ತಾರಂತೆ, ತಮ್ಮ ಅಂದ.
ಸಾವಂತ್ರವ್ವ ಅತ್ತಿಯದು ಒಂದೇ ಮಾತು:
"ಸತ್ತಾಕಿ ಸೀರಿ ಯಾಕ ಜಗ್ಗತೀ?"

ಈ ಸಲ ನೀರು ಕೊಡದೆ ತಂಬಿಗೆ ಹಿಡಿದು ನಿಂತೆ.
ಯಮನಪ್ಪ ನನ್ನ ನೋಡಿದ, ತಂಬಿಗೆ ನೋಡಿದ,
ಚೀಲದ ತಳದಿಂದ ಅವನಜ್ಜನ ಹೊತ್ತಿಗೆ ತೆಗೆದ.
ಮೋಡಿ ಅಕ್ಷರ. ಬೆರಳಿಟ್ಟು ಓದಿದ:
"ಹೆಸರ ನಮಗ ಗೊತ್ತೈತಿ. ಬರೀಬ್ಯಾಡ ಅಂತ ಆಕಿ ಮಾತು.
ವರ್ಷಕ್ಕೊಂದು ಸೀರಿ ಮುಟ್ಟೇತಿ."
ಕೆಳಗೆ ಗೀಟುಗಳು. ಎಣಿಸಿದೆ. ಹದಿನೇಳು.

"ನಿಮ್ಮಜ್ಜ ನಿಮ್ಮಪ್ಪಗರ ಹೇಳಿರಬೇಕಲ್ಲ?"
"ಹೇಳಿದ್ನಂತ. ಅಪ್ಪ ಮರತ.
ಸೀರಿ ಇಸಗೊಂಡ ಮನಿ, ಮರೀಲೇಬೇಕಲ್ರೀ."

ಹದಿನೇಳು ಸೀರೆ.
ಸೆರಗಿನ ರೇಷ್ಮೆಗೆ ಒಡಲಿನ ನೂಲು, ಎಳೆಗೆ ಎಳೆ,
ಕಂದೀಲಿನಲ್ಲಿ ಕೊಂಡಿ ಹಾಕಿ
ಒಂದಾಣೆ ಎರಡಾಣೆ ಎಣಿಸುತ್ತಿದ್ದವಳು.
ಮೋಸಹೋದಳು, ಪಾಪ, ಎಂದು
ಇಷ್ಟು ತಿಂಗಳು ನಾನು ಮರುಗಿದ್ದು ಯಾರಿಗೆ?
ಆ ಹೆಸರನ್ನು ಆಕೆ ಕ್ರಯಕ್ಕೆ ತಗೊಂಡಿದ್ದಳು.
ಪತ್ರವೂ ಇದೆ.

ನೀರು ಕೊಟ್ಟೆ. ಕುಡಿದ. ಜೋಳ ಕಟ್ಟಿಕೊಂಡು
ಗಂಟೆಯನ್ನು ಮತ್ತೆ ಹ್ಯಾಂಡಲ್ಲಿಗೆ ಬಿಗಿದು ಹೊರಟ.
ಸೋಮವಾರ ಕಚೇರಿಗೆ ಹೋಗಬೇಕು, ಏನು ಬರೆಸುವುದೋ.
ಓಣಿ ಮೂಲೆಯ ತಗ್ಗಿನಲ್ಲಿ ಗಾಡಿ ಜಿಗಿದು
ಗಂಟೆ ತಾನಾಗಿ ಒಮ್ಮೆ ಢಣ್ ಎಂದಿತು.
ಮಗ್ಗಗಳು ಶುರುವಾದವು.