ಅಂದುಞ್ಞಿಯ ಫ್ಲಾಸ್ಕು

ಬೆಳಗಿನ ಆರಕ್ಕೆ, ಕಾಸರಗೋಡಿನ ಮೀನುಪೇಟೆಯ ಹಿಂದಿನ ಓಣಿಯಲ್ಲಿ
ಅಂದುಞ್ಞಿ ನನ್ನ ಫ್ಲಾಸ್ಕಿನ ಮುಚ್ಚಳ ತಿರುಗಿಸಿ
ಎರಡು ಅಂಡಾಶಯ ಹಾಕುತ್ತಾನೆ, ಆಡಿನವು,
ಹಸಿ ಗೇರುಬೀಜದಷ್ಟು, ಇನ್ನೂ ಬೆಚ್ಚಗೆ.
ದುಡ್ಡು ಬೇಡವಂತೆ. "ಇದನ್ನು ಯಾರೂ ತಿನ್ನುವುದಿಲ್ಲ ಟೀಚರೇ,
ಬೆಕ್ಕು ಕೂಡ ಮೂಸಿ ಬಿಡುತ್ತದೆ."
ನಾನು ಟೀಚರಲ್ಲ.
ತಿದ್ದುವುದು ಬಿಟ್ಟು ನಾಲ್ಕು ವರ್ಷವಾಯಿತು.

ಬಸ್ಸಿನಲ್ಲಿ ಫ್ಲಾಸ್ಕು ತೊಡೆಯ ಮೇಲೆ.
ಚಾಯವೋ, ಕೇಳುತ್ತಾನೆ ಕಂಡಕ್ಟರ್. ಹೌದು ಅನ್ನುತ್ತೇನೆ.
ಚಂದ್ರಗಿರಿ ಸೇತುವೆಯ ಕೆಳಗೆ ಹೊಳೆಗೆ
ಇನ್ನೂ ತೀರ್ಮಾನವಾಗಿಲ್ಲ, ಇವತ್ತು ಸಿಹಿಯೋ ಉಪ್ಪೋ.

ಗುಡ್ಡದ ಮೇಲಿನ ಲ್ಯಾಬಿನಲ್ಲಿ
ನೀರ್ಗುಳ್ಳೆಯೊಂದನ್ನು ಸೂಜಿಯಿಂದ ಒಡೆದರೆ
ಮೊಟ್ಟೆಯ ಸುತ್ತ ಗುಂಪುಗೂಡಿ ಕೂತಿದ್ದ ಜೀವಕೋಶಗಳು
ಸಭೆ ಮುಗಿದಂತೆ ಚದುರುತ್ತವೆ.
ಕೂದಲಿನ ನೂರರಲ್ಲೊಂದು ಪಾಲಿನ ಗಾಜಿನ ತುದಿಯನ್ನು
ಒಂದರ ಪೊರೆಗೆ ತಾಗಿಸಿ, ಬಾಯಿಂದ ಮೆಲ್ಲಗೆ ಎಳೆಯುತ್ತೇನೆ,
ಎಳನೀರಿನ ಕೊನೆಯ ಗುಟುಕು ಹೀರುವ ಹಾಗೆ.
ಅಂಟಿತು.

ಆಮೇಲೆ ಕಾಯುವುದು.
ಪರದೆಯಲ್ಲಿ ಗೆರೆ ನೆಟ್ಟಗೆ. ಗೆರೆ ನೆಟ್ಟಗೆ.
ತಟ್ಟನೆ ಒಂದು ಮೆಟ್ಟಿಲು ಕೆಳಗೆ:
ಪೊರೆಯಲ್ಲೊಂದು ಬಾಗಿಲು ತೆರೆಯಿತು, ಮೂರು ಮಿಲಿಸೆಕೆಂಡು,
ಕ್ಯಾಲ್ಸಿಯಂ ಒಳಗೆ ಹೋಯಿತು, ಮುಚ್ಚಿತು.

ಅಮ್ಮ ಒಮ್ಮೆ ಕೇಳಿದ್ದಳು, ಎಂತದು ನೀನು ಅಲ್ಲಿ ದಿನವಿಡೀ ಮಾಡುವುದು?
ಕಡಪ್ಪುರದ ಮರಳಲ್ಲಿ ಮೂವತ್ತು ವರ್ಷ ಬಂಗುಡೆ ಒಣಗಿಸಿದವಳು.
ಉಪ್ಪು ಹೇಗೆ ಒಳಗೆ ಹೋಗುತ್ತದೆ ಅಂತ ನೋಡುವುದು, ಅಂದೆ.
"ಅದಕ್ಕೆ ಸರಕಾರ ಸಂಬಳ ಕೊಡುತ್ತದಾ?"
ಕೊಡುತ್ತದೆ, ಮೂರು ತಿಂಗಳಿಗೊಮ್ಮೆ, ತಡವಾಗಿ.
"ಹೋಗುವುದೆಂತ, ಹೋಗುತ್ತದೆ.
ಎಷ್ಟು ಹೋದ ಮೇಲೆ ಸಾಕು, ಅದು ಗೊತ್ತಾಗಬೇಕಲ್ಲ."
ಅದನ್ನೇ ನಾನು ಪ್ರಬಂಧದಲ್ಲಿ ಹನ್ನೊಂದು ಪುಟ ಬರೆದಿದ್ದೆ.

ಮೆದುಳಿನ ಬುಡದಿಂದ ರಕ್ತದಲ್ಲಿ ಕರೆ ಬರುತ್ತದೆ.
ಪೊಟ್ಯಾಸಿಯಂ ತನ್ನ ಬಾಗಿಲು ಎಳೆದುಕೊಂಡರೆ
ಪೊರೆಯ ಬಿಗಿ ಸಡಿಲಿ ಕ್ಯಾಲ್ಸಿಯಂ ನುಗ್ಗುತ್ತದೆ,
ಕೊಬ್ಬಿನ ಚೂರು ಒಳಗಿನ ಒಲೆಗೆ ಬೀಳುತ್ತದೆ,
ಬೆಂದು ಪ್ರೊಜೆಸ್ಟರಾನ್, ಇನ್ನಷ್ಟು ಬೆಂದು ಈಸ್ಟ್ರೋಜನ್,
ಮುಂದೆ ಕನ್ನಡಿಯ ಎದುರು ಹದಿಮೂರರ ಹುಡುಗಿ,
ಮುಂದೆ ಸೊಂಟನೋವು, ಬಿಸಿನೀರಿನ ಚೀಲ,
ಮುಂದೆ ಯಾರದೋ ಮನೆಯ ತೊಟ್ಟಿಲು.

ಮೂವತ್ತಾರರಲ್ಲಿ ನನ್ನದು ನಿಂತಿತು.
ಮೊದಲು ಬಸ್ಸಿನ ಕುಲುಕಾಟ ಅಂದುಕೊಂಡೆ, ಆಮೇಲೆ ಥೀಸಿಸ್ಸು ಅಂದುಕೊಂಡೆ.
ವರದಿಯಲ್ಲಿ ಎಫ್‌ಎಸ್‌ಎಚ್ ತೊಂಬತ್ತೆರಡು.
ಮೇಲಿನಿಂದ ಗಂಟಲು ಹರಿಯುವಷ್ಟು ಕೂಗುತ್ತಿದ್ದಾರೆ,
ಕೆಳಗೆ ಓಗೊಡುವವರಿಲ್ಲ.
ಡಾಕ್ಟರು ಕನ್ನಡಕ ತೆಗೆದು, "ನಿಮಗೆ ನಾನು ಹೇಳಬೇಕಾ" ಅಂದರು.
ಹೇಳಬೇಕಿತ್ತು.
ಬಾಗಿಲು ತುಕ್ಕು ಹಿಡಿದದ್ದಾದರೆ ನನಗೆ ಎಣ್ಣೆ ಹಾಕಲು ಬರುತ್ತದೆ.
ಇಲ್ಲಿ ಮನೆಗಳೇ ಖಾಲಿ.

ರಾತ್ರಿ ಎರಡಕ್ಕೆ ಕುತ್ತಿಗೆಯಿಂದ ಬಿಸಿ ಹತ್ತಿ ಎದ್ದು ಕೂತೆ.
ಅಮ್ಮನಿಗೆ ಹೇಳಿರಲಿಲ್ಲ.
ದೀಪ ಹಾಕಲಿಲ್ಲ ಅವಳು. ಒದ್ದೆ ಬೈರಾಸು ತಂದು
ನನ್ನ ಬೆನ್ನಿಗೆ ಹಾಕಿದಳು, ಸೆರಗಿನ ತುದಿಯಿಂದ ಬೆವರು ಒರೆಸಿ
ಬೆರಳನ್ನು ನಾಲಗೆಗೆ ತಾಗಿಸಿದಳು, ಪಾಡ ನೋಡುವವಳ ಹಾಗೆ.
"ನನಗೆ ನಲವತ್ತೇಳಕ್ಕೆ" ಅಂದಳು.
ಸ್ವಲ್ಪ ಹೊತ್ತು ಬಿಟ್ಟು:
"ನೀನು ಎಲ್ಲದಕ್ಕೂ ಅವಸರದವಳು."
ಆಮೇಲೆ ಇಬ್ಬರೂ ನಕ್ಕೆವು, ಯಾಕೆಂದು ಗೊತ್ತಿಲ್ಲ,
ಹೊರಗೆ ಅಲೆ ಬಂದು ಹೋಗುತ್ತಿತ್ತು.

ಇವತ್ತೂ ಆರಕ್ಕೆ ಅಂದುಞ್ಞಿ, ಇವತ್ತೂ ಚಾಯ.
ಆಡು ಸತ್ತು ಈಗ ಏಳು ಗಂಟೆಯಾಯಿತು,
ಪೊರೆಗೆ ಅದನ್ನು ಯಾರೂ ತಿಳಿಸಿಲ್ಲ.
ಗೆರೆ ನೆಟ್ಟಗೆ.
ಬಿಸ್ಕತ್ತಿನ ಪೊಟ್ಟಣ ಬಿಚ್ಚಲು ಅತ್ತ ತಿರುಗಿದೆ,
ಅಷ್ಟರಲ್ಲಿ ತೆರೆದು ಮುಚ್ಚಿತ್ತು.