ಹತ್ತು ಹುಣಸಿಬೀಜ

ವಿಜ್ಞಾನದ ಕಪಾಟಿಗೆ ಬೀಗವಿದೆ.
ಕೀಲಿಕೈ, ವರ್ಗವಾಗಿ ಹೋದ ಹೆಡ್‌ಮಾಸ್ತರರ
ಸ್ಕೂಟರಿನ ಗೊಂಚಲಲ್ಲಿ
ಸೇಡಂ ಕಡೆ ತಿರುಗುತ್ತಿದೆಯಂತೆ.
ಗಾಜಿನಾಚೆ ಸ್ಪಿರಿಟ್ಟಿನಲ್ಲಿ ಮುಳುಗಿದ ಚೇಳು
ನಾನು ಬಂದ ದಿನದಿಂದ
ನನ್ನನ್ನೇ ನೋಡುತ್ತಿದೆ.

ಅದಕ್ಕೇ ಸಂತೆಯಿಂದ ತಂದೆ
ಐದು ನಿಂಬೆಹಣ್ಣು, ಒಂದು ಮೊಳೆ.

ಮೊದಲ ವಾರ ಲೋಟದ ಆಟ.
ನೀರು ತುಂಬಿ, ಮೇಲೆ ಹಳೆಯ ಲಗ್ನಪತ್ರಿಕೆ ಮುಚ್ಚಿ
ತಲೆಕೆಳಗು ಮಾಡಿ ಕೈ ಬಿಟ್ಟೆ.
ನೀರು ನಿಲ್ಲಬೇಕಿತ್ತು.
ಹಾಜರಿ ಪುಸ್ತಕದ ಮೇಲೆ ಬಿತ್ತು.
ಜೂನ್‌ನಿಂದ ಆಗಸ್ಟ್‌ವರೆಗೆ ಬಂದವರು, ಬಾರದವರು
ನೀಲಿಯಾಗಿ ಹರಿದು ಒಬ್ಬರೊಳಗೊಬ್ಬರು ಬೆರೆತರು.
ಅಷ್ಟು ನಗು ಆ ಕೋಣೆ ಹಿಂದೆ ಕೇಳಿರಲಿಲ್ಲ.
"ಮತ್ತೊಮ್ಮೆ ಮಾಡ್ರಿ ಮೇಡಂ, ಮತ್ತೊಮ್ಮೆ ಬೀಳಸ್ರಿ!"
ಎರಡನೆಯ ಸಲ ನಿಂತಿತು.
ನಿಂತದ್ದಕ್ಕೆ ಕೆಲವರಿಗೆ ಬೇಜಾರಾಯಿತು.

ಅಂದಿನಿಂದ ನಿಯಮ ಒಂದೇ:
ನೋಡುವ ಮೊದಲು ಹೇಳಬೇಕು,
ಹೇಳಿದ್ದರ ಮೇಲೆ ಹುಣಸಿಬೀಜ ಕಟ್ಟಬೇಕು.
ತಪ್ಪಿದರೆ ಬೀಜ ಹೋಗುತ್ತದೆ, ಮಾನವಲ್ಲ.

ಇವತ್ತು ನೆಲದ ಸರದಿ.
ನಾವು ಕೂತ ಫರಸಿ,
ಕಾಗಿಣಾ ಆಚೆಯ ಗಣಿಯಲ್ಲಿ ಇವರ ಅಪ್ಪಂದಿರು
ಹಾರೆ ಹಾಕಿ ಪದರ ಪದರ ಎಬ್ಬಿಸಿದ್ದು,
ಬೂದು ಬಣ್ಣ, ಬೇಸಿಗೆಯಲ್ಲೂ ತಂಪು.
ಮೊಳೆಯಿಂದ ಗೀಚಿ, ಪುಡಿಯ ಮೇಲೆ ನಿಂಬೆ ಹಿಂಡಲು ಹೊರಟೆ.
"ಏನೂ ಆಗಂಗಿಲ್ರಿ": ಮೂವತ್ತೊಂದು ಬೀಜ.
"ಕಲ್ಲು ಕರಗ್ತದ": ನಾಲ್ಕು.
ಮಶಾಕ್ ಏನನ್ನೂ ಕಟ್ಟಲಿಲ್ಲ. ಹನಿ ಬಿದ್ದದ್ದೇ
ಕಿವಿ ನೆಲಕ್ಕೆ ಹಚ್ಚಿದ.
"ತಡೀರಿ... ಮಾತಾಡ್ಲಕತ್ತದ."

ಸಣ್ಣ ನೊರೆ. ಸಾಸಿವೆಗಿಂತ ಸಣ್ಣ ಗುಳ್ಳೆ.
ಮೂವತ್ತಾರು ತಲೆ ಒಂದೇ ಹನಿಯ ಮೇಲೆ,
ಕೊಬ್ಬರಿ ಎಣ್ಣೆಯ ವಾಸನೆ, ನಿಂಬೆಯ ವಾಸನೆ.
ಇದು ಒಂದು ಕಾಲಕ್ಕೆ ಸಮುದ್ರದ ತಳ ಎಂದೆ.
ಅದರ ಮೇಲೆ ಬೀಜ ಕಟ್ಟಲು ಯಾರೂ ಬರಲಿಲ್ಲ.
ಸಮುದ್ರ ನೋಡಿದವರು ಅಲ್ಲಿ ಇರಲೇ ಇಲ್ಲ,
ನನ್ನನ್ನೂ ಸೇರಿಸಿ.

ಆಮೇಲೆ ಹಿಡಿಯುವುದು ಯಾರ ಕೈಲಿ?
ಬಿಸಿಯೂಟದ ಮೊಟ್ಟೆಯ ಸಿಪ್ಪೆ: ನೊರೆ.
ಹಿತ್ತಲ ಗೋಡೆಯಿಂದ ಕೆರೆದ ಸುಣ್ಣ: ನೊರೆಯೋ ನೊರೆ.
ಅಡುಗೆಯ ಲಾಲಮ್ಮನ ಒಳ್ಳು, ಕರಿಕಲ್ಲು:
ಮುನಿಸಿಕೊಂಡವಳ ಹಾಗೆ ಸುಮ್ಮನೆ.
ದೇವೀಂದ್ರ ತನ್ನ ಹಲ್ಲಿಗೇ ಹಿಂಡಿಕೊಂಡು
ಮುಖ ಕಿವುಚಿ ಕುಣಿದ.

"ಈಗ ಸೀಮೆಸುಣ್ಣ," ಎಂದೆ, ಸ್ವಲ್ಪ ಗತ್ತಿನಲ್ಲೇ.
ಹೆಸರಿನಲ್ಲೇ ಸುಣ್ಣವಿದೆ. ನಾನು ಓದಿದ್ದೂ ಅದನ್ನೇ.
ನೊರೆ ಬರುತ್ತದೆ, ತಗೋ, ಹತ್ತು ಬೀಜ.
ಹಿಂದಿನ ಸಾಲಿನ ಸಾಬಮ್ಮ,
ಹಾಜರಿಗೂ ಕೈ ಮಾತ್ರ ಎತ್ತುವವಳು,
ತನ್ನ ಹತ್ತನ್ನೂ ಮುಂದೆ ದೂಡಿದಳು.
"ಬರಂಗಿಲ್ರಿ."

ಹಿಂಡಿದೆ. ಬರಲಿಲ್ಲ.
ಬೇರೆ ಡಬ್ಬಿ ಒಡೆದು, ಬಣ್ಣದ್ದು ತೆಗೆದು ಹಿಂಡಿದೆ.
ಅಂಗೈಯಲ್ಲಿ ತೊಯ್ದು ಕೂತಿತು, ಅಷ್ಟೇ.
"ನಿನಗ ಹೆಂಗ ಗೊತ್ತಾತು?"
ಲಂಗದ ಅಂಚು ತಿರುವಿದಳು.
"ತಿಂತೀನ್ರಿ. ದಿನಾ.
ಮ್ಯಾಲ ಹುಣಸಿಕಾಯಿ.
ಬಾಯಾಗ ಎಂದೂ ಹಂಗ ಬುರುಬುರು ಅಂದಿಲ್ರಿ."

ಯಾರೂ ನಗಲಿಲ್ಲ.
ನಕ್ಕಿದ್ದರೂ ನನಗೆ ಕೇಳಿಸಲಿಲ್ಲ.
ಹತ್ತು ಬೀಜ ಎಣಿಸಿ ಕೊಡುವಾಗ ಕಂಡೆ
ಅವಳ ಅಂಗೈ ಎಷ್ಟು ಬೆಳ್ಳಗಿದೆಯೆಂದು.
ಎಷ್ಟು ತುಂಡು ನಾನೇ ಕೈಗಿತ್ತಿದ್ದೆ,
ಬೋರ್ಡಿಗೆ ಬಾ, ಬರೆ ಎಂದು.

ಸೋಮವಾರ ಕಬ್ಬಿಣದ ಗುಳಿಗೆ.
ಪ್ರತಿ ವಾರ ಹಂಚಿ, ಟಿಕ್ ಹಾಕಿ ಮುಂದೆ ಹೋಗುತ್ತಿದ್ದವಳು
ಈ ಸಲ ಅವಳ ಪಕ್ಕ ನಿಂತೆ,
ನುಂಗುವವರೆಗೂ.
ನಾಲಿಗೆ ಎತ್ತಿ ತೋರಿಸಿದಳು, ಕೇಳದೆಯೇ.
ಆಮೇಲೆ:
"ಇದರ ಮ್ಯಾಲ ನಿಂಬಿ ಹಿಂಡಿದ್ರ ಏನಾಗ್ತದ್ರಿ?"
ನನಗ ಗೊತ್ತಿಲ್ಲ ಅಂದೆ.
ಎರಡು ಬೀಜ ಸಾಲ ಕೊಡ್ತೀಯೇನು?