ಸಾವಿರದ ಒಂಬೈನೂರ ಎಂಬತ್ತು ಅಡಿ

ದಾದಾಪೀರನ ಗುಜರಿ ಅಂಗಳದಲ್ಲಿ
ಸುಟ್ಟ ಲಾರಿ ಕ್ಯಾಬಿನ್ನುಗಳ ಹಿಂದೆ
ಹೊಟ್ಟೆಯ ಮೇಲೆ ಮಲಗಿತ್ತು ಅದು.
ರೆಕ್ಕೆಯಿಲ್ಲ, ಕಿಟಕಿಗೆ ಗೋಣಿತಾಟು, ಒಳಗೆ ಕೋಳಿ.
ನಾನು ಹೋದದ್ದು ಬೋರ್ಡು ಬರೆಯಲು ಒಂದು ತಗಡಿಗೆ.
ಫ್ಲೆಕ್ಸು ಬಂದ ಮೇಲೂ ಕೈಯಲ್ಲಿ ಬರೆಸುವವರು
ದಾವಣಗೆರೆಯಲ್ಲಿ ಇನ್ನೂ ಮೂರು ಜನ ಇದ್ದಾರೆ.
"ಇಮಾನದ ಬಾಲ ತಗೊಳ್ರಿ ಪೇಂಟ್ರೇ, ಗಟ್ಟಿ ಐತಿ.
ಮಿಕ್ಕಿದ್ದಕ್ಕೆ ಶುಕ್ರವಾರ ನಮಾಜ್ ಆದ್ಮ್ಯಾಲೆ ಕಟರ್ ಹಿಡಿಸ್ತೀನಿ."

ಬಾಲ ಬೇರೆಯೇ ಬಿದ್ದಿತ್ತು, ಮೈತುಂಬ ಹಳದಿ.
ಆಕಾಶ್ ಡಾಬಾ. ಊಟ ತಿಂಡಿ. ಲಾರಿ ನಿಲ್ಲಲು ಸ್ಥಳವಿದೆ.
ಆ ಳಕಾರದ ತಿರುವು ನೋಡಿ ಎದೆ ಧಸಕ್ಕೆಂದಿತು.
ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ: ಹಾಲೇಶ್ ಆರ್ಟ್ಸ್.
ಇನ್ನೂರೈವತ್ತು ರೂಪಾಯಿ, ಎರಡು ರೊಟ್ಟಿ, ಒಂದು ಮೊಟ್ಟೆ ಸಾರು.
ಹೆದ್ದಾರಿ ಪಕ್ಕ ನೆಟ್ಟ ತಗಡು ಅಂದುಕೊಂಡಿದ್ದೆ.
ಕೆಳಗೆ ಏನೋ ಅಕ್ಷರ ಇದ್ದವು, ಹೌದು,
ಎರಡು ಕೋಟು ಕೊಟ್ಟು ಮುಚ್ಚಿದ್ದೆ.

ಮುಚ್ಚಿದವನೇ ಉಜ್ಜಬೇಕಾಯಿತು.
ಪಾಲಿಶ್ ಪೇಪರು, ಚೊಂಬು ನೀರು, ಬೆರಳ ತುದಿ.
ನನ್ನ ಹಳದಿ ಹೋಯಿತು.
ಅದರಡಿ ಸಿನಿಮಾದವರ ಒಂದು ದಿನದ ಬಿಳಿ,
ಹೊಟ್ಟಿನ ಹಾಗೆ ಉದುರಿತು.
ಅದರಡಿ ನೀಲಿ ಪಟ್ಟಿ, ಕೂದಲೆಳೆಯಷ್ಟು ಚಿನ್ನದ ಅಂಚು,
ವಿ, ಟಿ, ಒಂದು ಗೀಟು,
ಆಮೇಲೆ ಡಾಬಾದವರು ಮೊಳೆ ಹೊಡೆದ ತೂತುಗಳು.
ಕಂಪನಿಯ ಹೆಸರಲ್ಲಿ ಉಳಿದದ್ದು "…ಪಥ ಏರ್‌ವೇಸ್".
ಯಾವ ಪಥವೋ.
ಒಂದು ಮಾತ್ರ ಖಾತ್ರಿಯಾಯಿತು, ದಫ್ತರದಲ್ಲಿ ಸಿಗದ್ದು:
ಬರೆದವನು ಎಡಚ.
ಗೀಟನ್ನು ಬಲದಿಂದ ಎಡಕ್ಕೆ ಎಳೆದಿದ್ದ.
ಕೊನೆಯಲ್ಲಿ ಉಸಿರು ಬಿಟ್ಟಿದ್ದ;
ಬ್ರಷ್ಷು ಅಷ್ಟೇ ಅಷ್ಟು ಅಲುಗಿತ್ತು.

ಮೂರು ದಿನ ಸೈಕಲ್ ತುಳಿದೆ.
ಹಡಪದ ಕೊಟ್ರಪ್ಪನ ಅಂಗಡಿಯ ಕುರ್ಚಿ ಅದರದ್ದೇ.
ಕೈಪಟ್ಟಿಯೊಳಗೆ ಬೂದಿಬಟ್ಟಲು, ಅದರಲ್ಲೀಗ ಪಟಿಕ.
"ಚೇರ್ಮನ್ನರ ಸೀಟು. ಎಂಟರಾಗೆ ಇದೊಂದೇ ಹಿಂದಕ್ಕೆ ಬಾಗೋದು."
ಅಂದರೆ ಟಿಕೆಟ್ ಕೊಂಡವರದ್ದಲ್ಲ, ಮಾಲೀಕರ ವಿಮಾನ.
ಹಳೇ ಮಿಲ್ಲಿನ ವಾಚ್‌ಮನ್ ಗುತ್ಯಪ್ಪನ ಪ್ರಕಾರ
ಚೇರ್ಮನ್ನರು ಹತ್ತಿ ನೋಡಲು ಬಂದು ಎರೆಹೊಲದಲ್ಲಿ ಇಳಿದರು,
ಮಳೆಗೆ ಗಾಲಿ ಹೂತಿತು,
ಅದನ್ನು ಕೀಳುವುದರೊಳಗೆ ಕಂಪನಿಯೇ ಮುಳುಗಿತು.
"ಬರೀ ಸುಳ್ಳು," ಒಳಗಿನಿಂದ ಅವನ ಹೆಂಡತಿ,
"ಬೊಂಬಾಯಿಂದ ಲಾರಿ ಮ್ಯಾಲೆ ಬಂತು, ರೆಕ್ಕೆ ಹಗ್ಗದಾಗ ಕಟ್ಟಿದ್ರು.
ಆಗ ನಾನು ಬಸುರಿ ಇದ್ದೆ, ಮರೀತೀನಾ?"
ಪೈಲಟ್ಟಿನ ಹೆಸರು ಕೇಳಿದೆ.
ಗುತ್ಯಪ್ಪ ಬಹಳ ಹೊತ್ತು ಹುಡುಕಿ
ಅವನ ಬೂಟಿನ ಬಣ್ಣ ಹೇಳಿದ.

ಶುಕ್ರವಾರ ಮಧ್ಯಾಹ್ನ, ಮಂಡಕ್ಕಿ ಭಟ್ಟಿ,
ಮಸಿ ಹಿಡಿದ ಗೋಡೆಯಲ್ಲಿ ಕರಿ ಡಬ್ಬಿ, ಗಾಜಿನೊಳಗೆ ಮುಳ್ಳು.
"ಗಡಿಯಾರ ಅಂತ ನಮ್ಮೋರು ಹರಾಜಿನಾಗ ತಂದಿದ್ರು," ಶಕೀಲಾಬಿ ಅಂದಳು,
"ಟೈಮ್ ಒಂದಿನಾನೂ ಸರಿ ಹೇಳ್ಲಿಲ್ಲ.
ಮಳೆ ಮಾತ್ರ ಹೇಳ್ತದೆ.
ಮುಳ್ಳು ಮುಂದೆ ಹೋದ್ರೆ ಒಣಗಾಕಿದ್ದ ಅಕ್ಕಿ ಒಳಗೆ ತಗೊಂತೀನಿ."

ಸೊನ್ನೆಯಿಂದ ಒಂಬತ್ತರವರೆಗಷ್ಟೇ ಅಂಕಿ. ಹತ್ತು, ಹನ್ನೊಂದು, ಹನ್ನೆರಡು ಇಲ್ಲ.
ಗಾಳಿ ಭಾರವಾದರೆ ನೆಲ, ಹಗುರಾದರೆ ಮುಗಿಲು;
ಅದಕ್ಕೆ ಗೊತ್ತಿರುವುದು ಇಷ್ಟೇ.
ಸಾವಿರದ ಒಂಬೈನೂರ ಎಂಬತ್ತು.
ನಮ್ಮೂರು ದಿನವೂ ನಿಂತಿರುವ ಎತ್ತರ.
ಹೇಳೋಣವೆಂದು ಬಾಯಿ ತೆರೆದೆ, ಹೇಳಲಿಲ್ಲ.

ನಮಾಜ್ ಮುಗಿದಿತ್ತು.
ಬಾಲದ ದುಡ್ಡು ಕೊಟ್ಟಾಗಿತ್ತು, ಸೈಕಲ್ಲಿಗೆ ಕಟ್ಟಿದ್ದೆ.
ಗುಜರಿಯ ಕಡೆಯಿಂದ ಕಟರು ತಗಡಿಗೆ ತಾಗಿದ ಸದ್ದು.
ಮುಳ್ಳು ಅಲುಗಿತು, ನಿಂತಿತು, ಮತ್ತೆ ಅಲುಗಿ
ಎರಡು ಸಾವಿರದ ಗೆರೆ ದಾಟಿತು.
"ಬಂತು ನೋಡ್ರಿ, ಆ ಕಡೆ ಹಿಡೀರಿ ಪೇಂಟ್ರೇ!"
ಚಾಪೆಯ ಎರಡು ತುದಿ ಹಿಡಿದು
ಅವಳೂ ನಾನೂ ಅಕ್ಕಿ ಎತ್ತಿದೆವು,
ನಿನ್ನೆಗಿಂತ ಐವತ್ತು ಅಡಿ ಮೇಲೆ,
ಒಂದು ಕಾಳೂ ಚೆಲ್ಲದ ಹಾಗೆ.